ರೆಸಿನ್ ಬಾಂಡ್ ಡೈಮಂಡ್ ವೀಲ್: ಸುಂಟಿಕೊಪ್ಪದ ವರ್ಕ್‌ಶಾಪಿನಲ್ಲಿ ಬಳಸಿ ನೋಡಿದ್ದು

ಕೊಂಡದ್ದು ಸಾಣೆ ಹಿಡಿಯುವ, 125 ಮಿ.ಮೀ. ವ್ಯಾಸದ ಕಪ್ ವೀಲ್ (ಬಟ್ಟಲಿನ ಆಕಾರದ ಚಕ್ರ). ರೆಸಿನ್ ಬಾಂಡ್, 150 ಗ್ರಿಟ್, 75 ಕಾನ್ಸಂಟ್ರೇಶನ್, ವಜ್ರದ ಪದರ 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ಈ ನಂಬರುಗಳ ಅರ್ಥ ಮುಂದೆ ಹೇಳುತ್ತೇನೆ. ತಂದದ್ದು ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಒಂದು ಟೂಲ್ಸ್ ಅಂಗಡಿಯಿಂದ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಎಲೆಕ್ಟ್ರೋಪ್ಲೇಟೆಡ್ ವೀಲಿಗೆ ಹೋಲಿಸಿದರೆ ಬೆಲೆ ಐದಾರು ಪಟ್ಟು. ಅಷ್ಟು ದುಡ್ಡು ಕೊಡಬೇಕಾ? ವಿಡಿಯಾ (ಟಂಗ್‌ಸ್ಟನ್ ಕಾರ್ಬೈಡ್) ಹಲ್ಲಿನ ಕೆಲಸ ವಾರವಿಡೀ ಬರುವವರಾದರೆ ಕಣ್ಣು ಮುಚ್ಚಿ ಕೊಡಿ. ತಿಂಗಳಿಗೊಂದು ಬ್ಲೇಡು ಸಾಣೆ ಹಿಡಿಯುವವರಾದರೆ ಬೇಡ, ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ. ತೀರ್ಪು ಇಷ್ಟೇ. ಆದರೆ ಈ ವೀಲು ದುಡ್ಡಿಗೆ ತಕ್ಕ ಹಾಗೆ ದುಡಿಯುವುದು ಅದನ್ನು ಸ್ಪಿಂಡಲಿಗೆ ಕೂರಿಸುವ ಮತ್ತು ಆಗಾಗ ಡ್ರೆಸ್ ಮಾಡುವ (ಮುಖ ಉಜ್ಜಿ ವಜ್ರದ ಹರಳು ಹೊರತರುವ) ಕ್ರಮದ ಮೇಲೆ. ಅದನ್ನು ಅಂಗಡಿಯವರು ಹೇಳುವುದಿಲ್ಲ, ಡಬ್ಬಿಯೊಳಗೆ ಒಂದು ಚೀಟಿಯೂ ಇಟ್ಟಿರುವುದಿಲ್ಲ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಂಪನಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಕೇಳಿಕೊಂಡು ಹೋಗಿ ತಪ್ಪು ನಂಬರಿನ ವೀಲು ತಂದವರನ್ನು ಕಂಡಿದ್ದೇನೆ. ನಂಬರು ಸರಿಯಿದ್ದರೆ ಒಳ್ಳೆಯ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ದೂರದೇಶದಿಂದ ತರಿಸಬೇಕಾದ ವಸ್ತುವೂ ಅಲ್ಲ. ಬೆಂಗಳೂರು ದಾಟಿದರೆ ಸಿಗುವ ಹೊಸೂರಿನಲ್ಲೇ ವೆಂಡ್ಟ್‌ನಂಥ ಕಂಪನಿ ಇದನ್ನೇ ಕಸುಬು ಮಾಡಿಕೊಂಡಿದೆ.

ನನ್ನದು ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು, ಮೈಸೂರಿನಲ್ಲಿ ಮುಚ್ಚುತ್ತಿದ್ದ ಕಾರ್ಖಾನೆಯೊಂದರಿಂದ ತಂದ ಹಳೆಯ ಟೂಲ್ ಆಂಡ್ ಕಟರ್ ಗ್ರೈಂಡರು ಇರುವ ಶೆಡ್ಡು. ಕಾಫಿ ಪಲ್ಪರಿನ ಶಾಫ್ಟು, ಬುಷ್ಷು, ಪಂಪಿನ ಕೆಲಸ ಹೊಟ್ಟೆಪಾಡು. ಸಾಣೆ ಕೆಲಸ ಆಮೇಲೆ ಸೇರಿಕೊಂಡದ್ದು. ಮಳೆ ಬಿಟ್ಟು, ಕೊಯ್ಲಿಗೆ ಮುಂಚೆ ತೋಟ ಹಸನು ಮಾಡುವ ಹೊತ್ತಿಗೆ ವೀಡ್ ಕಟರಿನ ದುಂಡು ಬ್ಲೇಡುಗಳು ಗೋಣಿಚೀಲದಲ್ಲಿ ಬರುತ್ತವೆ. 40 ಹಲ್ಲಿನದು, 80 ಹಲ್ಲಿನದು, ಎಲ್ಲದರ ತುದಿಗೂ ಬೆಸುಗೆ ಹಾಕಿದ ವಿಡಿಯಾ ಚೂರು. ಕಲ್ಲಿಗೆ ಹೊಡೆದು ಅರ್ಧ ಹಲ್ಲು ಮೊಂಡಾಗಿರುತ್ತದೆ, ಒಂದೆರಡು ಹಾರಿಯೇ ಹೋಗಿರುತ್ತದೆ. ಬೇಸಿಗೆಯಲ್ಲಿ ಕುಶಾಲನಗರ, ಸೋಮವಾರಪೇಟೆ ಕಡೆಯ ಬಡಗಿಗಳ ಸರದಿ. ಸಿಲ್ವರ್ ಓಕ್ ಕೊಯ್ಯುವವರ ಬ್ಲೇಡು ಬೇಗ ಕೆಡುವುದಿಲ್ಲ. ತೇಗ ಕೊಯ್ಯುವವರದು ಕೆಡುತ್ತದೆ, ತೇಗದ ಮರದೊಳಗೇ ಮರಳಿನ ಅಂಶ ಇದೆ. ಹಲಸು ಕೊಯ್ದ ಬ್ಲೇಡಿಗೆ ಮೇಣ ಮೆತ್ತಿಕೊಂಡು ಹಲ್ಲೇ ಕಾಣುವುದಿಲ್ಲ. ಇವೆಲ್ಲದರ ಜೊತೆ ಬಡಗಿಗಳ ರೂಟರ್ ಯಂತ್ರದ ಬಿಟ್‌ಗಳು, ನನ್ನದೇ ಲೇತಿನ ವಿಡಿಯಾ ಟೂಲುಗಳು.

ಇವಕ್ಕೆಲ್ಲ ಮೊದಲು ಬಳಸುತ್ತಿದ್ದದ್ದು ಹಸಿರು ಕಲ್ಲು, ಅಂದರೆ ಸಿಲಿಕಾನ್ ಕಾರ್ಬೈಡ್ ವೀಲು. ಬಹುಪಾಲು ಲೇತ್ ಅಂಗಡಿಗಳಲ್ಲಿ ಈಗಲೂ ಅದೇ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಲೇತಿನ ಒರಟು ಟೂಲಿಗೆ ಸಾಕು. ಆದರೆ ಟಂಗ್‌ಸ್ಟನ್ ಕಾರ್ಬೈಡನ್ನು ಅದು ಕತ್ತರಿಸುವುದಕ್ಕಿಂತ ಜಜ್ಜುವುದೇ ಹೆಚ್ಚು. ಹಸಿರು ಕಲ್ಲಿನಲ್ಲಿ ಸಾಣೆ ಹಿಡಿದ ತುದಿಯನ್ನು ಗಡಿಯಾರ ರಿಪೇರಿಯವರ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ, ಅಲಗಿನ ಗೆರೆ ನೇರ ಇರುವುದಿಲ್ಲ, ಸಣ್ಣಸಣ್ಣ ಚೂರು ಎದ್ದು ಹೋಗಿರುತ್ತವೆ. ಆ ಅಲಗು ಮೊದಲ ಹತ್ತು ನಿಮಿಷ ಚೆನ್ನಾಗಿ ಕೊಯ್ದು ಆಮೇಲೆ ಸುಮ್ಮನಾಗುತ್ತದೆ. ಕಲ್ಲೂ ಕರಗುತ್ತದೆ. ಒಂದು ಗೋಣಿ ಬ್ಲೇಡು ಮುಗಿಯುವಷ್ಟರಲ್ಲಿ ಕಲ್ಲಿನ ಮುಖ ಹಳ್ಳ ಬಿದ್ದು ಕೋನ ತಪ್ಪುತ್ತದೆ.

ಮಧ್ಯೆ ಒಂದು ಅಗ್ಗದ ಎಲೆಕ್ಟ್ರೋಪ್ಲೇಟೆಡ್ ಡೈಮಂಡ್ ವೀಲನ್ನೂ ತರಿಸಿದ್ದೆ. ಅದರ ಮೇಲೆ ಪೂರ್ತಿ ಸಿಟ್ಟಿಲ್ಲ. ಲೋಹದ ತಟ್ಟೆಯ ಮೇಲೆ ವಜ್ರದ ಹರಳುಗಳ ಒಂದೇ ಒಂದು ಪದರ, ಅದನ್ನು ನಿಕ್ಕಲ್ ಲೇಪನ ಹಿಡಿದುಕೊಂಡಿರುತ್ತದೆ. ಹರಳುಗಳು ಹೊರಗೆ ಚಾಚಿಕೊಂಡಿರುವುದರಿಂದ ಹೊಸದರಲ್ಲಿ ಬೆಣ್ಣೆ ಕೆರೆದ ಹಾಗೆ ಕೆರೆಯುತ್ತದೆ. ಫಿನಿಶ್ ಮಾತ್ರ ಒರಟು. ಆ ಒಂದು ಪದರ ಸವೆದರೆ ಅಲ್ಲಿಗೆ ಕಥೆ ಮುಗಿಯಿತು, ಡ್ರೆಸ್ ಮಾಡಲು ಒಳಗೆ ಏನೂ ಇಲ್ಲ. ನನಗೆ ಬಂದದ್ದರ ನಡುವಿನ ರಂಧ್ರ ಸ್ಪಿಂಡಲಿಗಿಂತ ದೊಡ್ಡದು. ಜೊತೆಗೆ ಕೊಟ್ಟಿದ್ದ ಪ್ಲಾಸ್ಟಿಕ್ ಉಂಗುರ ಹಾಕಿ ತಿರುಗಿಸಿದರೆ ಮುಖ ಓಲಾಡುವುದು ಬರಿಗಣ್ಣಿಗೇ ಕಾಣುತ್ತಿತ್ತು. ಮಾರಾಟಗಾರರು ವಾಪಸ್ ತೆಗೆದುಕೊಳ್ಳಲಿಲ್ಲ. ಮುರಿದ ಹಲ್ಲನ್ನು ಒರಟಾಗಿ ತಗ್ಗಿಸುವುದಕ್ಕೆ, ಬೆಂಚ್ ಗ್ರೈಂಡರಿನಲ್ಲಿ, ಅದು ಈಗಲೂ ಇದೆ.

ರೆಸಿನ್ ವೀಲಿನ ಸಂಗತಿ ಬೇರೆ. ಇಲ್ಲಿ ಹರಳುಗಳು ಮೂರು ಮಿಲಿಮೀಟರಿನ ಆಳಕ್ಕೂ ಬೆರೆತಿವೆ. ಮೇಲಿನ ಹರಳು ಮೊಂಡಾದಾಗ ಅದರ ಮೇಲೆ ಒತ್ತಡ ಹೆಚ್ಚುತ್ತದೆ, ಒಂದೋ ಅದು ಒಡೆದು ಹೊಸ ಚೂಪು ಕೊಡುತ್ತದೆ, ಇಲ್ಲವೇ ರೆಸಿನ್ನಿನಿಂದ ಕಿತ್ತು ಬರುತ್ತದೆ, ಕೆಳಗಿನದು ಮೇಲೆ ಬರುತ್ತದೆ. ರೆಸಿನ್ ಸ್ವಲ್ಪ ಮೆತ್ತಗಿರುವುದರಿಂದ ಕಾರ್ಬೈಡಿನ ಅಲಗು ಒಡೆಯುವುದಿಲ್ಲ, ಬಿಸಿಯೂ ಕಡಿಮೆ. ಮೆಟಲ್ ಬಾಂಡಿನ ವೀಲೂ ಸಿಗುತ್ತದೆ, ಬಾಳಿಕೆ ಜಾಸ್ತಿ, ಆದರೆ ಅದು ಗಾಜು, ಕಲ್ಲು, ಸೆರಾಮಿಕ್ ಕೆಲಸದವರಿಗೆ. ಅದಕ್ಕೆ ಅಲ್ಲಾಡದ ಭಾರೀ ಯಂತ್ರ, ಧಾರಾಳ ಕೂಲೆಂಟ್ (ತಣಿಸುವ ನೀರು) ಬೇಕು. ನಮ್ಮಂಥವರ ಒಂದು ಎಚ್‌ಪಿ ಮೋಟಾರಿಗೆ ಹೇಳಿಮಾಡಿಸಿದ್ದಲ್ಲ. ಇನ್ನು ಟೈಲ್ಸ್ ಅಂಗಡಿಯಲ್ಲಿ ಗ್ರಾನೈಟ್ ಉಜ್ಜಲು ಮಾರುವ ತುಂಡುತುಂಡಿನ ಡೈಮಂಡ್ ಕಪ್ಪನ್ನು ಆಂಗಲ್ ಗ್ರೈಂಡರಿಗೆ ಹಾಕಿ ಬ್ಲೇಡು ಚೂಪು ಮಾಡಲು ಹೊರಟವರಿದ್ದಾರೆ. ಎರಡಕ್ಕೂ ಡೈಮಂಡ್ ಎಂಬ ಹೆಸರು ಬಿಟ್ಟರೆ ಬೇರೆ ನೆಂಟಸ್ತಿಕೆ ಇಲ್ಲ.

ನಂಬರು ಓದುವುದು ಕಲಿತುಕೊಳ್ಳಿ, ದುಡ್ಡು ಉಳಿಯುತ್ತದೆ. ವೀಲಿನ ಬೆನ್ನ ಮೇಲೆ ಮೊದಲಿಗೆ ಆಕಾರದ ಸಂಕೇತ ಇರುತ್ತದೆ. ನೇರ ಕಪ್ಪಿಗೆ 6ಎ2, ಅಂಚು ಹೊರಚಾಚಿದ ಕಪ್ಪಿಗೂ ತಟ್ಟೆಗೂ 12ಎ2, ಕೋನ ಬೇರೆ ಅಷ್ಟೆ. ಬರೀ ನೇರ ಚಕ್ರವಾದರೆ 1ಎ1. ಹಲ್ಲಿನ ಬೆನ್ನಿಗೆ, ಲೇತ್ ಟೂಲಿಗೆ ಕಪ್ ಸಾಕು. ಗರಗಸದ ಹಲ್ಲಿನ ಎದುರು ಮುಖಕ್ಕೆ ಮಾತ್ರ ತೆಳು ಅಂಚಿನ ತಟ್ಟೆಯೇ ಬೇಕು, ಕಪ್ ವೀಲು ಹಲ್ಲಿನ ಸಂದಿಗೆ ಇಳಿಯುವುದಿಲ್ಲ. ಆಮೇಲೆ 'ಡಿ' ಎಂದಿದ್ದರೆ ಡೈಮಂಡ್, 'ಬಿ' ಎಂದು ಮೊದಲಿಗೇ ಇದ್ದರೆ ಸಿಬಿಎನ್ (ಗಟ್ಟಿ ಉಕ್ಕಿಗೆ ಬಳಸುವ ಹರಳು, ಅದರ ಮಾತು ಮುಂದೆ ಬರುತ್ತದೆ). ಕೊನೆಯಲ್ಲಿ ಬರುವ 'ಬಿ' ರೆಸಿನ್ ಬಾಂಡಿನದು, ಎರಡನ್ನೂ ಕಲಸಿಕೊಳ್ಳಬೇಡಿ. ಗ್ರಿಟ್ಟಿನ ಅಂಕಿಯಲ್ಲೂ ಎರಡು ಪದ್ಧತಿ. 150 ಗ್ರಿಟ್ ಎಂದರೆ ಜರಡಿಯ ಲೆಕ್ಕ. ಯುರೋಪಿನ ಪದ್ಧತಿಯಲ್ಲಿ ಅದು ಸುಮಾರು ಡಿ107, ಅಲ್ಲಿ ಅಂಕಿ ಹರಳಿನ ಗಾತ್ರವನ್ನು ಮೈಕ್ರಾನಿನಲ್ಲಿ ಹೇಳುತ್ತದೆ. ಒಂದರಲ್ಲಿ ಅಂಕಿ ಏರಿದರೆ ನುಣುಪು, ಇನ್ನೊಂದರಲ್ಲಿ ಅಂಕಿ ಏರಿದರೆ ಒರಟು. ಡಿ64 ಕೇಳಿ ತರುವ ಬದಲು 64 ಗ್ರಿಟ್ ಕೇಳಿದರೆ ಅಂಗಡಿಯವರು ಪಕ್ಕಾ ಒರಟು ವೀಲನ್ನೇ ಕೈಗಿಡುತ್ತಾರೆ.

ಕಾನ್ಸಂಟ್ರೇಶನ್ ಎಂದರೆ ಪದರದಲ್ಲಿ ವಜ್ರ ಎಷ್ಟಿದೆ ಎಂಬ ಲೆಕ್ಕ. 100 ಎಂದರೆ ಒಂದು ಘನ ಸೆಂಟಿಮೀಟರಿಗೆ 4.4 ಕ್ಯಾರೆಟ್, ಪದರದ ಕಾಲು ಭಾಗ ವಜ್ರ. 75 ಎಂದರೆ 3.3 ಕ್ಯಾರೆಟ್. ನನ್ನ ವೀಲಿನ ಪದರಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 35 ಕ್ಯಾರೆಟ್, ಏಳು ಗ್ರಾಂ ವಜ್ರ ಆಗುತ್ತದೆ. ಮನೆಯಲ್ಲಿ ಹೇಳಿದೆ, 'ಹಾಗಾದರೆ ಅದನ್ನೇ ಕೊರಳಿಗೆ ಕಟ್ಟಿಕೊಳ್ಳಿ' ಎಂಬ ಉತ್ತರ ಬಂತು. ಗಣಿಯ ವಜ್ರವಲ್ಲ, ಕಾರ್ಖಾನೆಯದು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಜ್ರ ತಯಾರಿಸುವುದು ಕೈಗೂಡಿದ ಮೇಲೆಯೇ ನಮ್ಮಂಥವರ ಶೆಡ್ಡಿಗೂ ಡೈಮಂಡ್ ವೀಲು ಬರುವ ದಾರಿ ಆದದ್ದು. 75ಕ್ಕೂ 100ಕ್ಕೂ ನಡುವೆ ನನ್ನ ಆಯ್ಕೆ 75. ಅಗಲ ಮುಖದ ಕಪ್ಪಿನಲ್ಲಿ ವಜ್ರ ಹೆಚ್ಚಾದಷ್ಟೂ ಮೋಟಾರು ಹೆಚ್ಚು ಒತ್ತಬೇಕು, ಬಿಸಿ ಹೆಚ್ಚು. ಮೂಲೆ ಉಳಿಯಬೇಕಾದ ತೆಳು ಅಂಚಿನ ತಟ್ಟೆ ವೀಲಿಗೆ 100 ಸರಿ.

ಕೂರಿಸುವ ಕೆಲಸ ಅರ್ಧ ದಿನ ತಿಂದರೂ ಬೇಜಾರು ಮಾಡಿಕೊಳ್ಳಬಾರದು. ಸ್ಪಿಂಡಲಿನ ಟೇಪರು ಒರೆಸಿ, ಫ್ಲೇಂಜಿನ (ವೀಲನ್ನು ಸ್ಪಿಂಡಲಿಗೆ ಹಿಡಿದಿಡುವ ಬಿಲ್ಲೆಯ) ಮುಖದ ಮೇಲೆ ಧೂಳಿನ ಕಣ ಇಲ್ಲದ ಹಾಗೆ ನೋಡಿ, ವೀಲನ್ನು ಹಗುರವಾಗಿ ಬಿಗಿಯಬೇಕು. ಡಯಲ್ ಗೇಜಿನ ಮುಳ್ಳನ್ನು ವೀಲಿನ ಲೋಹದ ಮೈಗೆ ತಾಗಿಸಿ ಕೈಯಲ್ಲಿ ನಿಧಾನ ತಿರುಗಿಸಬೇಕು. ವಜ್ರದ ಪದರಕ್ಕೆ ತಾಗಿಸಿದರೆ ಗೇಜಿನ ತುದಿ ಹಾಳು. ಮುಳ್ಳು ಎಲ್ಲಿ ಮೇಲೇಳುತ್ತದೋ ಅಲ್ಲಿ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಮತ್ತೆ ತಿರುಗಿಸಬೇಕು. ಓಲಾಟ ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನೊಳಗೆ ಬಂದ ಮೇಲೆ ಬಿಗಿ ಮಾಡಿ, ಮತ್ತೊಮ್ಮೆ ನೋಡಿ, ಆಮೇಲೆ ಆ ಫ್ಲೇಂಜನ್ನು ಆ ವೀಲಿಗೇ ಬಿಟ್ಟುಬಿಡಬೇಕು. ವೀಲು ಬದಲಿಸುವಾಗ ಫ್ಲೇಂಜಿನ ಸಮೇತ ತೆಗೆದು ಇಡುವುದು. ನಾನು ಲೇತಿನಲ್ಲೇ ಪ್ರತಿ ವೀಲಿಗೂ ಒಂದೊಂದು ಫ್ಲೇಂಜ್ ಮಾಡಿಕೊಂಡಿದ್ದೇನೆ, ಅಳತೆಯ ರಂಧ್ರ ಸಮೇತ. ಓಲಾಡುವ ವೀಲಿನಲ್ಲಿ ಮುಖದ ಅರ್ಧ ಭಾಗ ಮಾತ್ರ ದುಡಿಯುತ್ತದೆ, ಹೊಡೆತಕ್ಕೆ ಹಲ್ಲು ಚಿಪ್ಪೇಳುತ್ತದೆ, ಉಳಿದರ್ಧಕ್ಕೆ ಕೊಟ್ಟ ದುಡ್ಡು ದಂಡ.

ವೇಗದ ಲೆಕ್ಕ ಸುಲಭ. 125 ಮಿ.ಮೀ. ವೀಲು 2,800 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 18 ಮೀಟರಿನಷ್ಟು. ಒಣಗಿನ ಕೆಲಸಕ್ಕೆ ರೆಸಿನ್ ವೀಲಿಗೆ ಅದೇ ಹದ. ಅದೇ ಯಂತ್ರಕ್ಕೆ 200 ಮಿ.ಮೀ. ಹಾಕಿದರೆ 29 ಮೀಟರು ದಾಟಿ ರೆಸಿನ್ ಸುಡುವ ವಾಸನೆ ಬರುತ್ತದೆ. ಆಂಗಲ್ ಗ್ರೈಂಡರಿನ 11,000 ಆರ್‌ಪಿಎಂಗೆ 100 ಮಿ.ಮೀ. ವೀಲೂ 57 ಮೀಟರಿನ ಮೇಲೆ ಹೋಗುತ್ತದೆ, ವೀಲಿನ ಮೇಲೆ ಬರೆದ ಮಿತಿ ಓದದೆ ಅದಕ್ಕೆ ಕೈ ಹಾಕಬೇಡಿ.

ಡ್ರೆಸ್ ಮಾಡುವುದೇ ಇದರ ಜೀವಾಳ. ಹೊಸ ವೀಲು ಡಬ್ಬಿಯಿಂದ ತೆಗೆದಾಗ ಮುಖ ನುಣ್ಣಗೆ, ಹೊಳೆಯುವ ಹಾಗೆ ಇರುತ್ತದೆ. ಹರಳುಗಳು ರೆಸಿನ್ನಿನೊಳಗೆ ಮುಳುಗಿರುತ್ತವೆ. ಹಾಗೇ ಹಲ್ಲಿಗೆ ಹಿಡಿದರೆ ಉಜ್ಜುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಇದಕ್ಕೆ ಬಿಳಿ ಅಲ್ಯುಮಿನಿಯಂ ಆಕ್ಸೈಡಿನ ಡ್ರೆಸಿಂಗ್ ಸ್ಟಿಕ್ ಬೇಕು, ಸೀಮೆಸುಣ್ಣದ ದೊಡ್ಡ ತುಂಡಿನ ಗಾತ್ರದ್ದು. ವಜ್ರ 150 ಗ್ರಿಟ್ ಇದ್ದರೆ ಸ್ಟಿಕ್ಕು ಅದಕ್ಕಿಂತ ನುಣುಪು, 220 ಆದರೆ ಸರಿ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಹಾಕಿ, ತಿರುಗುವ ವೀಲಿನ ಮುಖಕ್ಕೆ ಗಟ್ಟಿಯಾಗಿ ಒತ್ತಬೇಕು. ಮೊದಮೊದಲು ಸ್ಟಿಕ್ಕು ಜಾರುತ್ತದೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ತುದಿ ಕಪ್ಪಾಗುತ್ತದೆ. ಬಿಡದೆ ಒತ್ತಿ. ಒಂದು ಹಂತದಲ್ಲಿ ಕೈಗೆ ತಟ್ಟನೆ ಗೊತ್ತಾಗುತ್ತದೆ, ಸ್ಟಿಕ್ಕು ಸರಸರ ಕರಗತೊಡಗುತ್ತದೆ, ಬಿಳಿ ಕೆಸರು ಇಳಿಯುತ್ತದೆ, ಶಬ್ದ ಕೀರಲು ಬಿಟ್ಟು ಗರಗರ ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮುಂದುವರಿಸಿದರೆ ಒಳ್ಳೆಯ ಹರಳುಗಳೂ ಉದುರುತ್ತವೆ. ವೀಲು ಪೂರ್ತಿ ನಿಂತ ಮೇಲೆ ಬೆರಳ ತುದಿ ಎಳೆದು ನೋಡಿ, ಗಾಜಿನ ನುಣುಪು ಹೋಗಿ ನಯವಾದ ಉಪ್ಪುಕಾಗದದ ಹಿಡಿತ ಬಂದಿರುತ್ತದೆ.

ಮತ್ತೆ ಯಾವಾಗ ಡ್ರೆಸ್ ಮಾಡಬೇಕು ಎಂಬುದನ್ನು ಕಿವಿಯೇ ಹೇಳುತ್ತದೆ. ನನ್ನ ಹುಡುಗನಿಗೆ ಒಂದೇ ನಿಯಮ ಹೇಳಿಕೊಟ್ಟಿದ್ದೇನೆ: ಕೀರಲು ಕೇಳಿದರೆ ಕೈ ತೆಗಿ, ಜೋರು ಒತ್ತಬೇಡ. ಮೊಂಡಾದ ವೀಲನ್ನು ಒತ್ತಿ ದುಡಿಸುವುದೇ ವಿಡಿಯಾ ಬಿರುಕು ಬಿಡುವುದಕ್ಕೆ ಮೊದಲ ಕಾರಣ. ಎರಡನೆಯದು, ಕೆಂಪಗೆ ಕಾದ ಟೂಲನ್ನು ಡಬ್ಬಿಯ ನೀರಿಗೆ ಅದ್ದುವುದು. ಕಬ್ಬಿಣಕ್ಕೆ ನಡೆಯುವ ಅಭ್ಯಾಸ ಕಾರ್ಬೈಡಿಗೆ ನಡೆಯುವುದಿಲ್ಲ, ಕೂದಲೆಳೆಯ ಬಿರುಕು ಅಲ್ಲೇ ಬೀಳುತ್ತದೆ, ಕೆಲಸದ ನಡುವೆ ತುದಿ ಹಾರುತ್ತದೆ. ಒಣಗಿನಲ್ಲಿ ಮಾಡುವುದಾದರೆ ಪೂರ್ತಿ ಒಣಗು, ನೀರು ಹಾಕುವುದಾದರೆ ಧಾರೆಯಾಗಿ ಹಾಕಿ. ಆಗೊಂದು ಈಗೊಂದು ಹನಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಈಗ ವೀಡ್ ಕಟರಿನ ಒಂದು ಬ್ಲೇಡು ಹೇಗೆ ಮುಗಿಯುತ್ತದೆ ನೋಡಿ. ಮೊದಲು ತೊಳೆಯುವುದು. ಮಣ್ಣು, ಹುಲ್ಲಿನ ರಸ ಒಣಗಿ ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಡಗಿಯ ಬ್ಲೇಡಾದರೆ ಮರದ ಮೇಣ. ಅದನ್ನು ಹಾಗೇ ವೀಲಿಗೆ ಕೊಟ್ಟರೆ ಹರಳುಗಳ ನಡುವಿನ ಜಾಗ ತುಂಬಿ ವೀಲು ಕುರುಡಾಗುತ್ತದೆ. ವಾಷಿಂಗ್ ಸೋಡಾದ ನೀರಿನಲ್ಲಿ ನೆನೆಸಿ ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಆಮೇಲೆ ಹಲ್ಲಿನ ಹಿಂದಿನ ಉಕ್ಕಿನ ಮೈ ವಿಡಿಯಾ ಚೂರಿಗಿಂತ ಮೇಲಿದೆಯೇ ನೋಡುವುದು. ಹಲವು ಸಲ ಸಾಣೆಗೆ ಬಂದ ಬ್ಲೇಡಿನಲ್ಲಿ ಚೂರು ಸವೆದು ಉಕ್ಕು ಮುಂದೆ ಬಂದಿರುತ್ತದೆ. ಆ ಉಕ್ಕನ್ನು ಸಾಮಾನ್ಯ ಕಲ್ಲಿನಲ್ಲಿ ತಗ್ಗಿಸಿಯೇ ಡೈಮಂಡಿಗೆ ಬರಬೇಕು. ಬೆಸುಗೆಯ ಹಳದಿ ಲೋಹವೂ ವೀಲಿಗೆ ಮೆತ್ತಿಕೊಳ್ಳುತ್ತದೆ, ಮುಖದ ಮೇಲೆ ತಾಮ್ರದ ಬಣ್ಣದ ಪಟ್ಟೆ ಕಂಡರೆ ಅದೇ.

ಜಿಗ್ಗಿನಲ್ಲಿ (ಬ್ಲೇಡನ್ನು ಕೋನ ತಪ್ಪದೆ ಹಿಡಿಯುವ ಚೌಕಟ್ಟಿನಲ್ಲಿ) ಬ್ಲೇಡು ಕೂರಿಸಿ, ಅತ್ಯಂತ ಹೆಚ್ಚು ಸವೆದ ಹಲ್ಲನ್ನು ಹುಡುಕಿ ಅದರಿಂದಲೇ ಅಳತೆ ಹಿಡಿಯುತ್ತೇನೆ. ಒಂದು ಸುತ್ತಿನಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದೋ ಎರಡೋ ಪಾಲಿಗಿಂತ ಹೆಚ್ಚು ತೆಗೆಯುವುದಿಲ್ಲ. ವೀಲು ತಿರುಗುವ ದಿಕ್ಕು ಅಲಗಿನಿಂದ ಒಳಮೈಗೆ ಹೋಗುವ ಹಾಗಿರಬೇಕು. ತಿರುಗುಮುರುಗು ಆದರೆ ಅಲಗಿನ ಕಡೆ ಚೂರು ಏಳುತ್ತದೆ. ಕೊನೆಯ ಸುತ್ತಿನಲ್ಲಿ ಏನೂ ಮುಂದೆ ಕೊಡದೆ ಸುಮ್ಮನೆ ಎಲ್ಲ ಹಲ್ಲನ್ನೂ ಒಮ್ಮೆ ದಾಟಿಸುತ್ತೇನೆ, ಕಿಡಿ ಹೆಚ್ಚುಕಮ್ಮಿ ಸಾಯುವವರೆಗೆ. ಭೂತಗನ್ನಡಿ ಇಟ್ಟರೆ ಅಲಗಿನ ಗೆರೆ ಬ್ಲೇಡಿನ ಉದ್ದಕ್ಕೂ ಒಂದೇ ಬೂದು ಬಣ್ಣ, ಎಲ್ಲೂ ಬೆಳಕಿನ ಚುಕ್ಕೆ ಮಿನುಗುವುದಿಲ್ಲ. ಹಸಿರು ಕಲ್ಲಿನ ಕೆಲಸಕ್ಕೂ ಇದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ. ತೋಟದವರಿಗೆ ಭೂತಗನ್ನಡಿ ಬೇಡ. ಒಂದು ಬ್ಲೇಡಿಗೆ ಎಷ್ಟು ಜಾಗ ಮುಗಿಯಿತು, ಎಷ್ಟು ಪೆಟ್ರೋಲು ಹೋಯಿತು ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲೇ ಗಿರಾಕಿಗಳು ವಾಪಸ್ ಬರುತ್ತಿದ್ದಾರೆ.

ವೀಡ್ ಕಟರಿಗೆ 150 ಗ್ರಿಟ್ ಧಾರಾಳ ಸಾಕು, ಅದಕ್ಕಿಂತ ನುಣುಪು ಮಾಡಿದರೆ ಮೊದಲ ಕಲ್ಲಿಗೇ ಹೋಗುತ್ತದೆ. ಬಡಗಿಗಳ ಫಿನಿಶಿಂಗ್ ಬ್ಲೇಡಿಗೆ, ರೂಟರ್ ಬಿಟ್ಟಿಗೆ ಸಾಲದು. ಅದಕ್ಕೆ ಡಿ64, ಅಂದರೆ 240ರ ಆಸುಪಾಸಿನ ಇನ್ನೊಂದು ವೀಲು ಬೇಕೇ ಬೇಕು. ಲ್ಯಾಮಿನೇಟ್ ಹಾಕಿದ ಹಲಗೆ ಕೊಯ್ಯುವ 96 ಹಲ್ಲಿನ ಬ್ಲೇಡುಗಳನ್ನು ನಾನು ತೆಗೆದುಕೊಳ್ಳುವುದೇ ಇಲ್ಲ, ಮೈಸೂರಿನಲ್ಲಿ ಸಿಎನ್‌ಸಿ ಯಂತ್ರ ಇಟ್ಟವರ ಹತ್ತಿರ ಕಳಿಸುತ್ತೇನೆ. ಅಷ್ಟು ಹಲ್ಲನ್ನು ಕೈ ಜಿಗ್ಗಿನಲ್ಲಿ ಒಂದೇ ಎತ್ತರಕ್ಕೆ ತರುತ್ತೇನೆ ಎಂದು ಹೇಳುವವರ ಮಾತು ನಂಬಬೇಡಿ.

ಉಕ್ಕಿನ ವಿಷಯಕ್ಕೆ ಬರಲೇಬೇಕು, ಏಕೆಂದರೆ ನಮ್ಮ ಕೊಡಗು ಜಿಲ್ಲೆಯಲ್ಲಿ ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್. ಕೊಡವರ ಮನೆಗಳಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ತೊಳೆದು, ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವ ದಿನ. ಅದರ ಹಿಂದಿನ ವಾರ ಶೆಡ್ಡಿನ ಮುಂದೆ ಕತ್ತಿಗಳ ಸಾಲು. ಒಂದು ತೋಟದ ರೈಟರ್ (ಲೆಕ್ಕ ಬರೆಯುವವರು) ತಮ್ಮ ಧಣಿಯ ಮನೆಯ ಒಡಿಕತ್ತಿ ತಂದು, 'ಹೇಗೂ ವಜ್ರದ ಕಲ್ಲು ತಂದಿದ್ದೀರಲ್ಲ, ಇದಕ್ಕೂ ಅದರಲ್ಲೇ ಒಂದು ಕೈ ಹಿಡಿದುಬಿಡಿ ಮಾರಾಯ್ರೇ' ಎಂದರು. ಅದು ಆಗುವುದಿಲ್ಲ. ವಜ್ರ ಎಂದರೆ ಇಂಗಾಲ. ಬಿಸಿ ಏರಿದಾಗ ಕಬ್ಬಿಣ ಇಂಗಾಲವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಹರಳಿನ ಮೂಲೆಗಳು ಕರಗಿ ದುಂಡಗಾಗುತ್ತವೆ. ಮೆತ್ತನೆಯ ಉಕ್ಕಿನ ಎಳೆಗಳು ಮುಖಕ್ಕೆ ಅಂಟಿಕೊಳ್ಳುವುದು ಬೇರೆ. ಕೈಯಲ್ಲಿ ಉಜ್ಜುವ ಡೈಮಂಡ್ ಪ್ಲೇಟಿಗೆ ಈ ತೊಂದರೆ ಇಲ್ಲ, ಅಲ್ಲಿ ಬಿಸಿಯೇ ಏಳುವುದಿಲ್ಲ. ಒಡಿಕತ್ತಿಗೆ ಹಳೆಯ ನೀರಿನ ಸಾಣೆಕಲ್ಲೇ ಸರಿ, ಹದ ಇಳಿಯುವ ಭಯವೂ ಇಲ್ಲ. ರೈಟರ್ ಒಪ್ಪಿದರು, ಆದರೆ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಪ್ಲೇನರ್ ಬ್ಲೇಡು, ಎಂಡ್ ಮಿಲ್ಲು, ಡ್ರಿಲ್ಲು ಇವಕ್ಕೆ ಸಿಬಿಎನ್ ವೀಲು ಇದೆ. ಕ್ಯೂಬಿಕ್ ಬೋರಾನ್ ನೈಟ್ರೈಡ್, ಇದೂ ಜನರಲ್ ಎಲೆಕ್ಟ್ರಿಕ್‌ನಲ್ಲೇ 1957ರಲ್ಲಿ ಹುಟ್ಟಿದ್ದು. ಗಟ್ಟಿತನದಲ್ಲಿ ವಜ್ರದ ನಂತರದ್ದು, ಇಂಗಾಲ ಇಲ್ಲದ್ದರಿಂದ ಕಬ್ಬಿಣದ ಜೊತೆ ಜಗಳ ಇಲ್ಲ. ಹದ ಮಾಡಿದ ಗಟ್ಟಿ ಉಕ್ಕಿಗೆ ಮಾತ್ರ ಬಳಸಿ. ಎಚ್‌ಎಸ್‌ಎಸ್ ಕೆಲಸ ಕಡಿಮೆ ಇರುವವರಿಗೆ ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಕಲ್ಲೇ ಲಾಭ, ನಾನೂ ಅದರಲ್ಲೇ ನಡೆಸುತ್ತಿದ್ದೇನೆ.

ಪೂಜೆಯ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ವೀಲಿಗೆ ಗಂಧ, ಕುಂಕುಮ ಇಡುವವರು ದಯವಿಟ್ಟು ಬೆನ್ನಿನ ಅಲ್ಯುಮಿನಿಯಂ ಮೈಗೆ ಇಡಿ, ವಜ್ರದ ಮುಖಕ್ಕೆ ಬೇಡ. ಗಂಧ ಒಣಗಿದ ವೀಲನ್ನು ಮರುದಿನ ಡ್ರೆಸ್ ಮಾಡುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮ ಮಳೆಗೆ ಈ ವೀಲು ಹೇಗೆ ತಡೆಯುತ್ತದೆ ಎಂಬ ಅನುಮಾನ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನ ಗೋಡೆಯೇ ಬೆವರುತ್ತದೆ, ರಾತ್ರಿ ಎಣ್ಣೆ ಹಚ್ಚದೆ ಬಿಟ್ಟ ಸ್ಪಿಂಡಲಿಗೆ ಬೆಳಿಗ್ಗೆ ಕೆಂಪು ತುಕ್ಕು. ವೀಲಿನ ಪದರಕ್ಕೆ ಏನೂ ಆಗಿಲ್ಲ. ಕೂಲೆಂಟ್ ಹಾಕಿ ಕೆಲಸ ಮಾಡಿದ ದಿನ, ನೀರು ನಿಲ್ಲಿಸಿ ಎರಡು ನಿಮಿಷ ಖಾಲಿ ತಿರುಗಿಸುತ್ತೇನೆ, ಒಳಗಿನ ತೇವ ಹೊರಗೆ ಚಿಮ್ಮುತ್ತದೆ.  ಫ್ಲೇಂಜಿಗೆ ತೆಳುವಾಗಿ ಎಣ್ಣೆ, ವಜ್ರದ ಮುಖಕ್ಕೆ ಒಂದು ಹನಿಯೂ ಬೇಡ. ಇಡುವುದು ಗಾಳಿಯಾಡದ ಡಬ್ಬಿಯಲ್ಲಿ, ಮುಖ ಮೇಲೆ ಮಾಡಿ. ಬೆಂಚಿನ ಮೇಲೆ ಅಂಚು ಊರಿ ನಿಲ್ಲಿಸಿದರೆ ರೆಸಿನ್ನಿನ ಮೂಲೆ ಚಿಪ್ಪೇಳುತ್ತದೆ. ಕರೆಂಟಿನ ಕಾಟ ಇದ್ದದ್ದೇ. ವೋಲ್ಟೇಜು ಇಳಿದಾಗ ಮೋಟಾರು ಉಸಿರುಗಟ್ಟುತ್ತದೆ, ಅಂಥ ಸಂಜೆ ನುಣುಪಿನ ಕೆಲಸ ಬಿಟ್ಟು ಬ್ಲೇಡು ತೊಳೆಯುವುದು ಒಳ್ಳೆಯದು.

ಧೂಳಿನ ಬಗ್ಗೆ ತಮಾಷೆ ಮಾಡುವ ಹಾಗಿಲ್ಲ. ವಿಡಿಯಾ ಎಂದರೆ ಟಂಗ್‌ಸ್ಟನ್ ಕಾರ್ಬೈಡಿನ ಕಣಗಳನ್ನು ಕೋಬಾಲ್ಟ್ ಹಿಡಿದಿರುವ ವಸ್ತು. ಅದರ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು, ಗಟ್ಟಿಯಾದ ಮೇಲೆ ಗುಣವಾಗುವಂಥದ್ದಲ್ಲ. ಹಸಿರು ಕಲ್ಲಿನ ಧೂಳು ಕಣ್ಣಿಗೆ ಕಾಣುತ್ತಿತ್ತು. ಡೈಮಂಡ್ ವೀಲಿನ ಧೂಳು ತೀರ ಸಣ್ಣದು, ಕಾಣುವುದಿಲ್ಲ, ಆದ್ದರಿಂದ ಜನ ಮಾಸ್ಕ್ ಹಾಕುವುದಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಏನೂ ತಡೆಯದು. ಎನ್95 ಹಾಕಿ, ವೀಲಿನ ಪಕ್ಕಕ್ಕೇ ವ್ಯಾಕ್ಯೂಮ್ ಪೈಪಿನ ಬಾಯಿ ಇಡಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ವೀಲಿನ ಮೇಲೆ ದೂರು ಇಲ್ಲವೇ? ಇವೆ. ಇಷ್ಟು ಬೆಲೆಯ ವಸ್ತುವಿನ ಡಬ್ಬಿಯಲ್ಲಿ ಡ್ರೆಸಿಂಗ್ ಸ್ಟಿಕ್ಕಿನ ಒಂದು ತುಂಡೂ ಇಡುವುದಿಲ್ಲ, ಬೇರೆ ಕೊಳ್ಳಬೇಕು. ಬೆನ್ನಿನ ಮೇಲೆ ಅಚ್ಚು ಹಾಕಿದ ನಂಬರು ಕೂಲೆಂಟಿಗೆ ಅಳಿಸಿಹೋಯಿತು. ಈಗ ನಾನೇ ಪಂಚಿನಿಂದ ಫ್ಲೇಂಜಿನ ಮೇಲೆ ಹೊಡೆದಿಟ್ಟಿದ್ದೇನೆ, ಇಲ್ಲವಾದರೆ ಮುಂದಿನ ಸಲ ಕೇಳಲು ನಂಬರೇ ಇರುವುದಿಲ್ಲ. 20 ಮಿ.ಮೀ. ರಂಧ್ರದ್ದು ಬೇಕೆಂದರೆ ಬಹಳ ಅಂಗಡಿಗಳಲ್ಲಿ 31.75 ಮಾತ್ರ ಸ್ಟಾಕ್ ಇರುತ್ತದೆ, ಲೇತು ಇಲ್ಲದವರು ಹುಡುಕಾಡಬೇಕಾಗುತ್ತದೆ. ಮುಖದಲ್ಲಿ ಹಳ್ಳ ಬಿದ್ದರೆ ಡ್ರೆಸಿಂಗ್ ಸ್ಟಿಕ್ಕಿನಿಂದ ಸರಿಯಾಗುವುದಿಲ್ಲ, ಸಿಲಿಕಾನ್ ಕಾರ್ಬೈಡ್ ಚಕ್ರ ಹಿಡಿದು ಮುಖ ಮಟ್ಟ ಮಾಡಬೇಕು, ಅದರಲ್ಲಿ ದುಬಾರಿ ಪದರವೂ ಒಂದಷ್ಟು ಹೋಗುತ್ತದೆ. ಆದ್ದರಿಂದ ಟೂಲನ್ನು ಒಂದೇ ಜಾಗದಲ್ಲಿ ನಿಲ್ಲಿಸದೆ ಮುಖದ ಅಗಲಕ್ಕೂ ಓಡಾಡಿಸಿ.

ಸವೆತದ ಲೆಕ್ಕ ಇಟ್ಟಿದ್ದೇನೆ. ಮೂರು ಮಿಲಿಮೀಟರಿನಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಹೋಗಿದೆ, ಅಷ್ಟರಲ್ಲಿ ವೀಲಿನ ದುಡ್ಡು ಹುಟ್ಟಿ ಮೇಲೆ ಲಾಭವೂ ಬಂದಿದೆ. ಹಸಿರು ಕಲ್ಲುಗಳಿಗೆ ಸುರಿಯುತ್ತಿದ್ದದ್ದನ್ನು ಸೇರಿಸಿದರೆ ಇನ್ನೂ ಹೆಚ್ಚು. ಮುಂದಿನದು 12ಎ2, 20 ಡಿಗ್ರಿಯ ತಟ್ಟೆ, ಡಿ64, 100 ಕಾನ್ಸಂಟ್ರೇಶನ್. ಆರ್ಡರ್ ಕೊಟ್ಟಾಗಿದೆ, ಕೊಯ್ಲು ಶುರುವಾಗುವುದರೊಳಗೆ ಬರಬೇಕು. ಅದು ಬರುವವರೆಗೆ ರೂಟರ್ ಬಿಟ್‌ಗಳನ್ನು ತರುವವರು ಸ್ವಲ್ಪ ತಡೆದುಕೊಳ್ಳಿ. ವೀಡ್ ಕಟರ್ ಬ್ಲೇಡು ಯಾವತ್ತು ಬೇಕಾದರೂ ತನ್ನಿ, ಮಣ್ಣು ತೊಳೆದು ತಂದರೆ ಇಪ್ಪತ್ತು ರೂಪಾಯಿ ಕಡಿಮೆ.